ಗೋಡೆಯ ತಾವರೆ, ಬಟ್ಟೆಯ ಹೂವು



ನಮ್ಮ ರಾತ್ರಿ ತರಗತಿಗೆ ಒಬ್ಬ ಅಕ್ಕ ಬರುತ್ತಿದ್ದರು. ಬಳಪ ಹಿಡಿದರೆ ಅವರ ಕೈ ನಡುಗುತ್ತಿತ್ತು. "ನನಗೆ ಇದೆಲ್ಲ ಬರಲ್ಲ ಟೀಚರ್" ಅನ್ನುತ್ತಿದ್ದರು. ಅದೇ ಅಕ್ಕ ಬೆಳಿಗ್ಗೆ ಬಾಗಿಲ ಮುಂದೆ 15 ಚುಕ್ಕಿಯ ರಂಗೋಲಿ ಹಾಕುತ್ತಿದ್ದರು. ಒಂದು ಎಳೆಯೂ ತಪ್ಪುತ್ತಿರಲಿಲ್ಲ. "ಎಷ್ಟು ಚೆಂದ!" ಅಂದೆ. "ಅಯ್ಯೋ, ಇದೇನು ಮಹಾ! ಎಲ್ಲರೂ ಹಾಕ್ತಾರೆ" ಅಂದರು.

ಇದು ಮಹಾ ವಿದ್ಯೆಯೇ. ನಮ್ಮ ದೇಶದ ಇಂಥ ಅಲಂಕಾರದ ವಿದ್ಯೆಯನ್ನು ನೋಡಿ ಹೊರದೇಶದ ಒಬ್ಬ ಚಿತ್ರಗಾರ್ತಿ ತಮ್ಮ ದಾರಿಯನ್ನೇ ಬದಲಿಸಿಕೊಂಡರು. ಅವರ ಹೆಸರು ಡೊರೊಥಿ ಲಾರ್ಚರ್. ದೇಶ ಇಂಗ್ಲೆಂಡ್.

ಅಜಂತಾದ ಗುಹೆಗಳು

ಮಹಾರಾಷ್ಟ್ರದಲ್ಲಿ ಅಜಂತಾ ಎಂಬ ಊರಿದೆ. ಅದರ ಹತ್ತಿರ ಬೆಟ್ಟ ಕೊರೆದು ಮಾಡಿದ ಸುಮಾರು 30 ಗುಹೆಗಳಿವೆ. ಒಳಗೆ ಬುದ್ಧನ ಕಥೆಯ ಚಿತ್ರಗಳಿವೆ. ಅವುಗಳಲ್ಲಿ ಬಹಳಷ್ಟು ಚಿತ್ರಗಳು 1,500 ವರ್ಷ ಹಳೆಯವು.

ಆ ಚಿತ್ರ ಹೇಗೆ ಬರೆದರು? ಮೊದಲು ಬಂಡೆಗೆ ಮಣ್ಣು ಮೆತ್ತಿದರು. ಮಣ್ಣಿಗೆ ಹೊಟ್ಟು, ನಾರು ಸೇರಿಸಿದರು. ಮೇಲೆ ಸುಣ್ಣ ಬಳಿದರು. ಕೆಂಪಿಗೆ ಕೆಮ್ಮಣ್ಣು, ಕಪ್ಪಿಗೆ ದೀಪದ ಮಸಿ. ನಾವು ಹಬ್ಬಕ್ಕೆ ಗೋಡೆ ಮೆತ್ತಿ, ಸುಣ್ಣ ಕೆಮ್ಮಣ್ಣು ಬಳಿಯುವ ಹಾಗೆಯೇ ಅಲ್ಲವಾ?

ಕಾಲ ಕಳೆದಂತೆ ಚಿತ್ರಗಳು ಉದುರತೊಡಗಿದವು. 1909ರಿಂದ 1911ರ ನಡುವೆ ಹೆರಿಂಗ್‌ಹ್ಯಾಮ್ ಎಂಬ ಇಂಗ್ಲೆಂಡಿನ ಮಹಿಳೆ ಒಂದು ತಂಡ ಕಟ್ಟಿ ಅವುಗಳ ಪ್ರತಿ ಬರೆಸಿದರು. ಡೊರೊಥಿ ಆ ತಂಡದಲ್ಲಿದ್ದರು. ಕಲಕತ್ತೆಯಿಂದ ನಂದಲಾಲ್ ಬೋಸ್ ಬಂದಿದ್ದರು. ಅಲ್ಲೇ ಕಲಿಯುತ್ತಿದ್ದ ನಮ್ಮ ಮೈಸೂರಿನ ಕೆ. ವೆಂಕಟಪ್ಪನವರೂ ಬಂದಿದ್ದರು.

ಎರಡು ಬಗೆಯ ಹೂವು

ನೀರುಬಣ್ಣದಲ್ಲಿ ಹೂವು ಬರೆಯುವವರು ಕಣ್ಣೆದುರಿನ ಹೂವನ್ನು ಕಂಡ ಹಾಗೆ ಬರೆಯುತ್ತಾರೆ. ಬೆಳಕು ಎಲ್ಲಿ, ನೆರಳು ಎಲ್ಲಿ ಎಂದು ತೋರಿಸುತ್ತಾರೆ. ಅದು ಒಂದು ಬಗೆ.

ಅಜಂತಾದ ಚಾವಣಿಯಲ್ಲಿ ಬೇರೆ ಬಗೆ ಇದೆ. ಚಾವಣಿಯನ್ನು ಚೌಕ ಚೌಕ ಮಾಡಿ, ಒಂದೊಂದರಲ್ಲಿ ತಾವರೆ, ಹಣ್ಣು, ಹಂಸ ತುಂಬಿದ್ದಾರೆ. ಇಲ್ಲಿ ನೆರಳಿಗಿಂತ ಗೆರೆ ಮುಖ್ಯ. ಜಾಗ ನೋಡಿ ಹೂವನ್ನು ಹೊಂದಿಸಬೇಕು. ಒಂದರ ಪಕ್ಕ ಒಂದು ಕೂಡಿಸಬೇಕು. ರಂಗೋಲಿಯಲ್ಲಿ ನೀವು ಮಾಡುವುದು ಇದನ್ನೇ.

ಬಟ್ಟೆಯ ಅಚ್ಚು

ಮೊದಲ ಮಹಾಯುದ್ಧದ ವರ್ಷಗಳನ್ನು ಡೊರೊಥಿ ಭಾರತದಲ್ಲೇ ಕಳೆದರು. ಕಲಕತ್ತೆಯಲ್ಲಿ ಇಂಗ್ಲಿಷ್ ಪಾಠ ಹೇಳಿದರು. ಇಲ್ಲಿನ ಬಟ್ಟೆಯ ಬಣ್ಣ, ಅಚ್ಚಿನ ಕೆಲಸ ಕಲಿತರು.

ಅಚ್ಚಿನ ಕೆಲಸ ಹೇಗೆ ಗೊತ್ತಾ? ಮರದ ತುಂಡಿನಲ್ಲಿ ಹೂವು ಕೆತ್ತುತ್ತಾರೆ. ಅದನ್ನು ಬಣ್ಣದಲ್ಲಿ ಅದ್ದಿ ಬಟ್ಟೆಗೆ ಒತ್ತುತ್ತಾರೆ. ಸಾಲು ತಪ್ಪದ ಹಾಗೆ ಮತ್ತೆ ಮತ್ತೆ ಒತ್ತುತ್ತಾರೆ. ಬಣ್ಣವೂ ಊರಿನದೇ. ನೀಲಿ ಗಿಡದ ಎಲೆಯಿಂದ ನೀಲಿ. ತುಕ್ಕು ಕಬ್ಬಿಣವನ್ನು ಬೆಲ್ಲದ ನೀರಲ್ಲಿ ಕೊಳೆಸಿದರೆ ಕಪ್ಪು. ಎಲೆ ಅಡಿಕೆಗೆ ಹಾಕುವ ಕಾಚಿನಿಂದ ಕಂದು.

ಊರಿಗೆ ಮರಳಿದ ಡೊರೊಥಿ ಇದನ್ನೇ ಕಸುಬು ಮಾಡಿಕೊಂಡರು. 1923ರಿಂದ ಫಿಲಿಸ್ ಬ್ಯಾರನ್ ಎಂಬ ಗೆಳತಿಯ ಜೊತೆ ಕೈಯಿಂದ ಬಟ್ಟೆಗೆ ಅಚ್ಚು ಹಾಕಿದರು. ಫಿಲಿಸ್ ಮೊದಲೇ ಈ ಕೆಲಸ ಕಲಿತಿದ್ದವರು. ನೀಲಿ, ಕಬ್ಬಿಣ, ಕಾಚು ಇವರ ಬಣ್ಣಗಳೂ ಆಗಿದ್ದವು. 1930ರಲ್ಲಿ ಒಂದು ಹಳ್ಳಿಗೆ ಹೋಗಿ ನೆಲೆಸಿದರು. ಅಲ್ಲಿನ ಹೆಣ್ಣುಮಕ್ಕಳಿಗೂ ಕೆಲಸ ಕೊಟ್ಟರು. ಕೇಂಬ್ರಿಡ್ಜ್‌ನ ಗರ್ಟನ್ ಎಂಬ ಮಹಿಳಾ ಕಾಲೇಜಿಗೆ ಇವರ ಬಟ್ಟೆ ಹೋಯಿತು. ಎರಡನೆಯ ಮಹಾಯುದ್ಧದಲ್ಲಿ ಸಾಮಾನು ಸಿಗದೆ ಕೆಲಸ ನಿಂತಿತು. 1952ರಲ್ಲಿ ಡೊರೊಥಿ ತೀರಿಕೊಂಡರು.

ಹೆಸರು ಉಳಿಯಲಿ

ಅಜಂತಾದಲ್ಲಿ ಚಿತ್ರ ಬರೆದವರ ಹೆಸರು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಡೊರೊಥಿ ಹೆಸರು ಉಳಿದಿದೆ. ಯಾಕೆ? ಅವರೂ ಫಿಲಿಸ್ ಅವರೂ ತಮ್ಮ ಬಟ್ಟೆಗಳ ಮಾದರಿಯನ್ನು ಪುಸ್ತಕದಲ್ಲಿ ಅಂಟಿಸಿ ಇಟ್ಟರು.

ಬೆಳಗಿನ ರಂಗೋಲಿ ಸಂಜೆಗೆ ಅಳಿಸಿಹೋಗುತ್ತದೆ. ಅದನ್ನು ಕಲಿಸಿದ ಅಜ್ಜಿಯ ಹೆಸರೂ ಹಾಗೆಯೇ ಅಳಿಸಿಹೋಗಬೇಕೇ? ಈಗ ನಿಮಗೆ ಅಕ್ಷರ ಬಂದಿದೆ. ಒಂದು ನೋಟ್‌ಬುಕ್ಕು ತನ್ನಿ. ನಿಮಗೆ ಗೊತ್ತಿರುವ ರಂಗೋಲಿ, ಕೌದಿಯ ಹೊಲಿಗೆ, ಹಸೆಯ ಚಿತ್ರ ಅದರಲ್ಲಿ ಬರೆಯಿರಿ. ಕೆಳಗೆ ಯಾರು ಕಲಿಸಿದರು ಎಂದು ಬರೆಯಿರಿ. ಅದರ ಕೆಳಗೆ ನಿಮ್ಮ ಹೆಸರು ಬರೆಯಿರಿ.

ಆ ಅಕ್ಕ ಹೀಗೆ 22 ರಂಗೋಲಿ ಬರೆದರು. ಆಮೇಲೆ ಅವರ ಕೈ ನಡುಗಲಿಲ್ಲ.