ಎಂಟು ತಂತಿ, ಒಂದು ಸಂಜೆ ತರಗತಿ

ಸ್ಟೀವ್ ವಾಜ್ನಿಯಾಕ್ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷ ಓದುವಾಗ ಅಲ್ಲಿನ ಕಂಪ್ಯೂಟರಿನಲ್ಲಿ ಮನಸ್ಸಿಗೆ ಬಂದಷ್ಟು ಪ್ರೋಗ್ರಾಂ ಓಡಿಸಿ, ತರಗತಿಗೆ ಇಟ್ಟಿದ್ದ ಹಣವನ್ನೆಲ್ಲ ಮೀರಿಸಿಬಿಟ್ಟಿದ್ದರು. ಮರುವರ್ಷ ಅವರು ಸೇರಿದ್ದು ಕ್ಯಾಲಿಫೋರ್ನಿಯಾದಲ್ಲಿ ಮನೆಗೆ ಹತ್ತಿರವಿದ್ದ ಡಿ ಆಂಜಾ ಕಾಲೇಜಿಗೆ. ಕ್ಯುಪರ್ಟಿನೊದಲ್ಲಿ 1967ರಲ್ಲಿ ಶುರುವಾದ ಕಮ್ಯುನಿಟಿ ಕಾಲೇಜು ಅದು. ಗೆಳೆಯರ ಜೊತೆ 1976ರಲ್ಲಿ ಅವರು ಕಟ್ಟಿದ ಆ್ಯಪಲ್ ಕಂಪನಿಯ ಕೇಂದ್ರ ಕಚೇರಿ ಇರುವುದೂ ಅದೇ ಊರಲ್ಲಿ.

ಅಮೆರಿಕದ ಇಂಥ ಕಾಲೇಜುಗಳ ಪೈಕಿ ಹಳೆಯದು ಇಲಿನಾಯ್‌ನ ಜೋಲಿಯೆಟ್‌ನಲ್ಲಿದೆ, 1901ರದು. ಕ್ಯಾಲಿಫೋರ್ನಿಯಾ ಒಂದರಲ್ಲೇ 116 ಇವೆ. ಪ್ರವೇಶ ಪರೀಕ್ಷೆ ಇಲ್ಲ, ರ‍್ಯಾಂಕ್ ಕೇಳುವವರಿಲ್ಲ. ನಮ್ಮ ಡಿಪ್ಲೊಮಾದವರು ಲ್ಯಾಟರಲ್ ಎಂಟ್ರಿಯಲ್ಲಿ ಬಿಇ ಎರಡನೇ ವರ್ಷಕ್ಕೆ ಹೋಗುವಂತೆ, ಇಲ್ಲಿ ಎರಡು ವರ್ಷ ಸರಿಯಾಗಿ ಓದಿದವರು ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ಸೇರಬಹುದು. ಆದರೆ ಬೆಂಚಿನಲ್ಲಿ ಹದಿಹರೆಯದವರಷ್ಟೇ ಇರುವುದಿಲ್ಲ. ಹಗಲೆಲ್ಲ ಗೋದಾಮಿನಲ್ಲಿ ದುಡಿದು ಬಂದವರು, ಮಕ್ಕಳು ಬೆಳೆದ ಮೇಲೆ ಪುಸ್ತಕ ಹಿಡಿದ ತಾಯಂದಿರು ಎಲ್ಲರೂ ಸಂಜೆಯ ಒಂದೇ ತರಗತಿಯಲ್ಲಿ.

ಐಟಿ ಎಂದೊಡನೆ ನಮಗೆ ಕೋಡಿಂಗ್ ನೆನಪಾಗುತ್ತದೆ. ಇಲ್ಲಿ ನೆಟ್‌ವರ್ಕಿಂಗ್ ಕಲಿಯಲು ಕೂತವರ ಕೈಗೆ ಮೊದಲು ಸಿಗುವುದು ಕೇಬಲ್ಲು, ಕ್ರಿಂಪಿಂಗ್ ಇಕ್ಕಳ. ಕೇಬಲ್ಲಿನ ಸಿಪ್ಪೆ ಸುಲಿದರೆ ಒಳಗೆ ಎಂಟು ತಂತಿ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು: ಹೆಚ್ಚಾಗಿ ಬಳಸುವ ಕ್ರಮ ಇದು. ಹಸಿರು ತಂತಿಗಳ ನಡುವೆ ನೀಲಿ ಯಾಕೆ ನುಸುಳಿತು ಎಂದು ತಲೆ ಕೆರೆದುಕೊಳ್ಳದ ವಿದ್ಯಾರ್ಥಿ ಇರಲಿಕ್ಕಿಲ್ಲ. ಒಂದು ತಂತಿ ಅದಲುಬದಲಾದರೂ ಪರೀಕ್ಷಕ ಯಂತ್ರ ತಪ್ಪು ತೋರಿಸುತ್ತದೆ. ತುದಿ ಕತ್ತರಿಸಿ ಮತ್ತೆ ಮೊದಲಿಂದ ಜೋಡಿಸಬೇಕು. ಆಮೇಲೆ ರೌಟರ್, ಸ್ವಿಚ್, ಲಿನಕ್ಸ್, ಸೈಬರ್ ಭದ್ರತೆ. ಸಿಸ್ಕೊ ಕಂಪನಿ 1997ರಲ್ಲಿ ಆರಂಭಿಸಿದ ನೆಟ್‌ವರ್ಕಿಂಗ್ ಅಕಾಡೆಮಿಯ ಪಾಠಗಳನ್ನೇ ಎಷ್ಟೋ ಕಾಲೇಜುಗಳು ಕಲಿಸುತ್ತವೆ. ಹೆಲ್ಪ್‌ಡೆಸ್ಕ್ ಕೆಲಸಕ್ಕೆ ಅರ್ಜಿ ಹಾಕುವವರು ಜೊತೆಗೆ ಕಾಂಪ್‌ಟಿಯಾ ಎ ಪ್ಲಸ್ ಪ್ರಮಾಣಪತ್ರಕ್ಕೂ ಕೂರುತ್ತಾರೆ. ಅದಕ್ಕೆ ಎರಡು ಪರೀಕ್ಷೆ. ಮೂರು ವರ್ಷಕ್ಕೊಮ್ಮೆ ನವೀಕರಣ.

ಡಿ ಆಂಜಾದಲ್ಲಿ ರಾಜ್ಯದ ನಿವಾಸಿಗಳಿಗೆ ಯೂನಿಟ್ಟಿಗೆ (ಅಲ್ಲಿನ ಕ್ರೆಡಿಟ್) 31 ಡಾಲರ್ ಶುಲ್ಕ. ಎರಡು ವರ್ಷದ ಅಸೋಸಿಯೇಟ್ ಪದವಿಗೆ ಬೇಕಾದ್ದು 90 ಯೂನಿಟ್, ಅಂದರೆ 2,790 ಡಾಲರ್. ಪುಸ್ತಕ, ಪಾರ್ಕಿಂಗ್ ಬೇರೆ. ವಿದ್ಯಾರ್ಥಿ ವೀಸಾದಲ್ಲಿ ಬಂದವರು ಮಾತ್ರ ಇದರ ಹಲವು ಪಟ್ಟು ತೆರಬೇಕು.

ಬೆಂಗಳೂರಲ್ಲಿ ಕೆಲಸ ಬಿಟ್ಟು ಗಂಡನ ಜೊತೆ ಎಚ್-4 ವೀಸಾದಲ್ಲಿ ಹೋದ ಕನ್ನಡತಿಗೆ ಓದಲು ಅಡ್ಡಿಯಿಲ್ಲ. ದುಡಿಯಲು ಪ್ರತ್ಯೇಕ ಅನುಮತಿ ಬೇಕು. 2015ರಿಂದ ಅದು ಸಿಗುತ್ತಿರುವುದೂ ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದವರಿಗಷ್ಟೇ. ಹಾಗಾಗಿ ಕಲಿತದ್ದು ಸಂಬಳವಾಗಲು ವರ್ಷಗಳೇ ಹಿಡಿಯಬಹುದು.

ಸೇರುವುದು ಸುಲಭ, ಮುಗಿಸುವುದಲ್ಲ. ದೇಶದ ಇಂಥ ಕಾಲೇಜುಗಳಲ್ಲಿ ಓದು ಆರಂಭಿಸಿದವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ಆರು ವರ್ಷ ಕಳೆದರೂ ಪದವಿಯನ್ನಾಗಲಿ ಪ್ರಮಾಣಪತ್ರವನ್ನಾಗಲಿ ಪಡೆದಿರುವುದಿಲ್ಲ. ಕೆಲಸದ ಪಾಳಿ ಬದಲಾಗುತ್ತದೆ, ಮಗುವಿಗೆ ಜ್ವರ ಬರುತ್ತದೆ, ಆ ಬಾರಿಯ ಪಾಠ ಅಲ್ಲಿಗೇ ನಿಲ್ಲುತ್ತದೆ. ಗಳಿಸಿದ ಯೂನಿಟ್ಟುಗಳು ಮಾತ್ರ ಕಾಲೇಜಿನ ದಾಖಲೆಯಲ್ಲಿ ಹಾಗೇ ಕೂತಿರುತ್ತವೆ.