ರಾಯಚೂರಿನ ತಂತಿ, ಅಕ್ಕಿಆಲೂರಿನ ಟೈಮರ್

2013ರ ಡಿಸೆಂಬರ್ 31. ಊರಿಗೂರೇ ಹೊಸ ವರ್ಷದ ಕೇಕಿನ ಗುಂಗಿನಲ್ಲಿದ್ದಾಗ ರಾಯಚೂರು–ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ತಂತಿಗೆ ಜೀವ ಬಂತು. ಅಲ್ಲಿಯವರೆಗೆ ತನ್ನ ಪಾಡಿಗೆ ತಾನಿದ್ದ ದಕ್ಷಿಣ ಭಾರತದ ವಿದ್ಯುತ್ ಜಾಲ ಅಂದು ದೇಶದ ಉಳಿದ ಜಾಲದೊಂದಿಗೆ ಒಂದೇ ಲಯಕ್ಕೆ ಬಂದು ನಿಂತಿತು. ಒಂದು ದೇಶ, ಒಂದು ಜಾಲ, ಒಂದು ಫ್ರೀಕ್ವೆನ್ಸಿ ಎಂದು ದಿಲ್ಲಿಯಲ್ಲಿ ಬೆನ್ನು ತಟ್ಟಿಕೊಂಡರು. ತಟ್ಟಿಕೊಳ್ಳಲಿ, ಕೆಲಸ ದೊಡ್ಡದೇ. ಆದರೆ ಆ ರಾತ್ರಿ ಇನ್ನೊಂದು ಬಡಪಾಯಿ ವಸ್ತುವಿಗೂ ನ್ಯಾಯ ಸಿಕ್ಕಿತು. ಅದು ಸಿಕ್ಕಾಗ ವಸ್ತುವೇ ಅಂಗಡಿಯಿಂದ ಹೊರಗೆ ಹೋಗಿತ್ತು, ಅಷ್ಟೆ.

ಆ ವಸ್ತು ಟೈಮರ್. ಅಂಕಿ ಮಿನುಗುವ ಈಗಿನ ಟೈಮರ್ ಅಲ್ಲ, ಒಳಗೆ ಹಲ್ಲುಗಾಲಿ ತಿರುಗುವ, ಕಿವಿಯಿಟ್ಟರೆ ಸಣ್ಣಗೆ ಗುಂಯ್ ಎನ್ನುವ ಹಳೆಯದು. ಬೀದಿದೀಪದ ಡಬ್ಬಿಯಲ್ಲಿ, ಶಾಲೆಯ ಗಂಟೆಯ ಹಿಂದೆ, ಕಾರ್ಖಾನೆಯ ಭೋಂಗಾದ ಬಳಿ ಕೂತು ಹೊತ್ತು ಹೊತ್ತಿಗೆ ಕರೆಂಟ್ ಕೊಟ್ಟು ಕಡಿಯುವುದು ಅದರ ಕೆಲಸ. ದಿನದ ಟೈಮರಿನ ಡಯಲ್ 24 ಗಂಟೆಗೆ ಒಂದು ಸುತ್ತು ಬಂದರೆ, ವಾರದ ಟೈಮರಿನದು 7 ದಿನಕ್ಕೆ ಒಂದೇ ಸುತ್ತು. ಅಂಚಿನಲ್ಲಿ ಸಾಮಾನ್ಯವಾಗಿ 84 ಹಲ್ಲು, ಒಂದೊಂದಕ್ಕೆ ಎರಡು ಗಂಟೆ, ಒಟ್ಟು 168 ಗಂಟೆ. ಬೇಕಾದ ಹೊತ್ತಿನ ಹಲ್ಲುಗಳನ್ನು ಬೆರಳಿನಿಂದ ಒಳಕ್ಕೆ ತಳ್ಳಿದರೆ ಮುಗಿಯಿತು. ಇನ್ನೊಂದು ಜಾತಿಯದು ದಿನದ ಡಯಲ್ಲಿಗೆ ಏಳು ಮೂಲೆಯ ಪುಟ್ಟ ನಕ್ಷತ್ರಗಾಲಿಯನ್ನು ಜೋಡಿಸಿಕೊಂಡಿರುತ್ತದೆ. ದಿನಕ್ಕೆ ಒಂದು ಮೂಲೆ ಸರಿಯುತ್ತದೆ. ರವಿವಾರದ ಮೂಲೆಗೆ ಒಂದು ಸ್ಕ್ರೂ ಹಾಕಿಟ್ಟರೆ ಅಂದು ಭೋಂಗಾ ಕೂಗುವುದಿಲ್ಲ, ಶಾಲೆಯ ಗಂಟೆ ಹೊಡೆಯುವುದಿಲ್ಲ. ಯಾರೂ ನೆನಪಿಟ್ಟುಕೊಳ್ಳಬೇಕಿಲ್ಲ.

ಇದು ಹುಟ್ಟಿದ್ದು ಕರೆಂಟಿಗಾಗಿ ಅಲ್ಲವೇ ಅಲ್ಲ, ಗ್ಯಾಸ್ ದೀಪಕ್ಕಾಗಿ. ಮುಂಬಯಿಯ ಬೀದಿಗಳಿಗೆ ಗ್ಯಾಸ್ ದೀಪ ಬಂದದ್ದು 1865ರಲ್ಲಿ. ದಿನಾ ಸಂಜೆ ಹಚ್ಚಲು, ಬೆಳಿಗ್ಗೆ ಆರಿಸಲು ಆಳು ಬೇಕು. ಇಂಗ್ಲೆಂಡಿನಲ್ಲೂ ಅದೇ ಪಾಡು. ಅಲ್ಲಿ ಆ ಕೂಲಿ ಉಳಿಸಲು ದೀಪದ ಕಂಬಕ್ಕೇ ಒಂದು ಕೀಲಿ ಗಡಿಯಾರ ಕೂರಿಸಿ, ಅದರಿಂದ ಗ್ಯಾಸಿನ ನಲ್ಲಿ ತಿರುಗಿಸುವ ಉಪಾಯ ಹೂಡಿದರು. ದಿನಕ್ಕೆರಡು ಸಲ ಬರುತ್ತಿದ್ದವನು ಈಗ ಕೀಲಿ ಕೊಡಲು ಆಗೊಮ್ಮೆ ಈಗೊಮ್ಮೆ ಏಣಿ ಹೊತ್ತು ಬಂದರೆ ಸಾಕಾಯಿತು.

ಈ ಧಂದೆಯಲ್ಲಿ ಹೆಸರು ಮಾಡಿದ್ದು ಬಾತ್ ಊರಿನ ಹಾರ್ಸ್ಟ್‌ಮನ್ ಮನೆತನ. ಜರ್ಮನಿಯಿಂದ ಬಂದು ಅಲ್ಲಿ ನೆಲೆಸಿದ, ಗಡಿಯಾರ ಮಾಡುವ ಗುಸ್ತಾವ್ ಹಾರ್ಸ್ಟ್‌ಮನ್ ಹವೆಯ ಏರಿಳಿತದಿಂದಲೇ ತನಗೆ ತಾನೇ ಕೀಲಿ ಕೊಟ್ಟುಕೊಳ್ಳುವ ಗಡಿಯಾರ ಮಾಡಿದ ಪುಣ್ಯಾತ್ಮ. ಸೆಖೆಗೆ ದ್ರವ ಹಿಗ್ಗಬೇಕು, ಥಂಡಿಗೆ ಕುಗ್ಗಬೇಕು, ಆ ಎಳೆದಾಟದಲ್ಲಿ ಗಡಿಯಾರ ನಡೆಯಬೇಕು. ಮಗ ಸಿಡ್ನಿಯ ಹುಚ್ಚು ಬೇರೆ. ಅವನಿಗೆ ಗಾಡಿಯ ಗೇರು. ಅದಕ್ಕೆಂದೇ 1904ರಲ್ಲಿ ‘ಹಾರ್ಸ್ಟ್‌ಮನ್ ಗೇರ್ ಕಂಪನಿ’ ಶುರುವಾಯಿತು. ಅನ್ನ ಕೊಟ್ಟದ್ದು ಮಾತ್ರ ಗೇರಲ್ಲ, ದೀಪದ ಗಡಿಯಾರ. ಹೆಸರಿನಲ್ಲಿ ಗೇರು ಉಳಿಯಿತು, ಪೆಟ್ಟಿಗೆಯಲ್ಲಿ ಟೈಮರ್ ಹೋಯಿತು. ಸಿಡ್ನಿ ಮುಂದೆ ಕಾರು ಮಾಡಿದ, ಯುದ್ಧದ ಟ್ಯಾಂಕಿಗೆ ಸಸ್ಪೆನ್ಷನ್ ಮಾಡಿದ. ಅದು ಬೇರೆ ಕತೆ.

ಅವರ ಟೈಮರಿನಲ್ಲಿ ‘ಸೋಲಾರ್ ಡಯಲ್’ ಎಂಬುದೊಂದು ಇರುತ್ತಿತ್ತು. ಬಿಸಿಲಿನಿಂದ ನಡೆಯುವುದಲ್ಲ. ವರ್ಷವಿಡೀ ಸೂರ್ಯಾಸ್ತ ಹಿಂದೆ ಮುಂದೆ ಆದಂತೆ ದೀಪ ಹತ್ತುವ ಹೊತ್ತನ್ನೂ ಸರಿಸುತ್ತ ಹೋಗುವ ಒಂದು ಓರೆಗಾಲಿ. ಬಾತ್‌ನಲ್ಲಿ ಚಳಿಗಾಲದಲ್ಲಿ ನಾಲ್ಕಕ್ಕೆ ಕತ್ತಲೆ, ಬೇಸಿಗೆಯಲ್ಲಿ ಒಂಬತ್ತೂವರೆಗೂ ಬೆಳಕು. ಅಲ್ಲಿ ಅದಿಲ್ಲದೆ ನಡೆಯದು. ನಮ್ಮ ಹಾನಗಲ್ ಸೀಮೆಯಲ್ಲಿ ನವೆಂಬರಿನ ಕೊನೆಗೆ ಆರರ ಸುಮಾರಿಗೆ ಮುಳುಗುವ ಸೂರ್ಯ ಜುಲೈನಲ್ಲಿ ಏಳು ದಾಟಿ ಮುಳುಗುತ್ತಾನೆ. ವರ್ಷಕ್ಕೆ ಒಂದು ಗಂಟೆಯ ಫರಕು. ಅಂದರೆ ಈ ಯಂತ್ರದ ಅತಿ ತೊಡಕಿನ, ಅತಿ ದುಬಾರಿ ಭಾಗ ಈ ಸೀಮೆಯ ಅಕ್ಕಿಆಲೂರಿಗೆ ಬೇಕೇ ಇರಲಿಲ್ಲ. ಸಾದಾ ಡಯಲ್ಲೇ ಸಾಕಿತ್ತು. ಲೆಕ್ಕದ ಪ್ರಕಾರ ನಮ್ಮ ಊರುಗಳು ಟೈಮರಿಗೆ ಹೇಳಿ ಮಾಡಿಸಿದ ಊರುಗಳು.

ಹಾಗಿದ್ದರೆ ಅದೇಕೆ ಒಗ್ಗಲಿಲ್ಲ? ಇದಕ್ಕೆ ಉತ್ತರ ಇರುವುದು ಅಮೆರಿಕದ ಹೆನ್ರಿ ವಾರೆನ್ ಎಂಬ ಎಂಜಿನಿಯರನ ತಲೆನೋವಿನಲ್ಲಿ.

ಕೀಲಿ ಕೊಡುವ ಗೋಜೇ ಬೇಡವೆಂದು ವಾರೆನ್ ಮನೆಯ ಕರೆಂಟಿನಿಂದಲೇ ನಡೆಯುವ ಪುಟ್ಟ ಮೋಟರ್ ಕಟ್ಟಿದ. ಸಿಂಕ್ರೊನಸ್ ಮೋಟರ್. ತಂತಿಯಲ್ಲಿ ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಹೊಯ್ದಾಡುತ್ತದೋ ಅದೇ ತಾಳಕ್ಕೆ ಅದು ತಿರುಗುತ್ತದೆ. ತಾಳ ಸರಿಯಿದ್ದರೆ ಹೊತ್ತೂ ಸರಿ. ಅಮೆರಿಕದಲ್ಲಿ ಅದು ಸೆಕೆಂಡಿಗೆ 60, ನಮ್ಮಲ್ಲಿ 50. ಆದರೆ ವಾರೆನ್ ಗಡಿಯಾರ ನಡೆಸಿ ನೋಡಿದಾಗ ಅದು ದಿನಕ್ಕೆ ಹತ್ತು ಹದಿನೈದು ನಿಮಿಷ ತಪ್ಪುತ್ತಿತ್ತು. ಬೇರೆಯವನಾಗಿದ್ದರೆ ಮೋಟರ್ ಬಿಚ್ಚಿ ಕೂರುತ್ತಿದ್ದ. ವಾರೆನ್ ವಿದ್ಯುತ್ ಕಂಪನಿಯ ಬಾಗಿಲಿಗೆ ಹೋದ. ತಪ್ಪು ನನ್ನ ಗಡಿಯಾರದ್ದಲ್ಲ, ನಿಮ್ಮ ಪವರ್‌ಹೌಸಿನದು ಎಂದು ತೋರಿಸಿದ. ಬರೀ ದೂರು ಒಯ್ಯಲಿಲ್ಲ, ಎರಡು ಮುಳ್ಳಿನ ಒಂದು ಗಡಿಯಾರವನ್ನೂ ಒಯ್ದ. ಒಂದು ಮುಳ್ಳು ಲೋಲಕದ ಗಡಿಯಾರದಿಂದ ನಡೆಯುತ್ತದೆ, ಇನ್ನೊಂದು ಅದೇ ಪವರ್‌ಹೌಸಿನ ಕರೆಂಟಿನಿಂದ. ಎರಡೂ ಒಂದರ ಮೇಲೊಂದು ಕೂತಿರುವಂತೆ ಯಂತ್ರದ ವೇಗ ನೋಡಿಕೊಳ್ಳುವುದು ಆಪರೇಟರನ ಕೆಲಸ. 1916ರ ಅಕ್ಟೋಬರಿನಲ್ಲಿ ಬಾಸ್ಟನ್‌ನ ಪವರ್‌ಹೌಸಿನ ಗೋಡೆಗೆ ಅದು ಏರಿತು. ಅಂದಿನಿಂದ ಆ ಊರಿನ ಯಾವ ಮನೆಯ ಕರೆಂಟಿನ ಗೋಡೆಗಡಿಯಾರವೂ ನಿಜವಾಗಿ ಗಡಿಯಾರವಲ್ಲ. ಗಡಿಯಾರ ಇರುವುದು ಪವರ್‌ಹೌಸಿನಲ್ಲಿ, ಮನೆಯಲ್ಲಿರುವುದು ಅದರ ಮುಳ್ಳು ಮಾತ್ರ.

ನಮ್ಮಲ್ಲಿ ಮೋಟರ್ ಟೈಮರ್ ಮಾರಿದವರು, ಕೊಂಡವರು ಈ ಸಂಗತಿಯನ್ನು ಮರೆತೇಬಿಟ್ಟರು. ಬಾಸ್ಟನ್ನಿನ ಡಬ್ಬಿ ಬಂತು, ಬಾಸ್ಟನ್ನಿನ ಎರಡು ಮುಳ್ಳಿನ ಶಿಸ್ತು ಬರಲಿಲ್ಲ.

1990ರ ದಶಕದ ದಕ್ಷಿಣ ಜಾಲವನ್ನು ನೆನಪಿಸಿಕೊಳ್ಳಿ. ಬೇಡಿಕೆ ಬೆಟ್ಟದಷ್ಟು, ಉತ್ಪಾದನೆ ಕಮ್ಮಿ. ಹೊರೆ ಹೆಚ್ಚಾದಾಗ ಜನರೇಟರುಗಳು ಏದುಸಿರು ಬಿಡುತ್ತವೆ, ತಾಳ ಇಳಿಯುತ್ತದೆ. 50 ಇರಬೇಕಾದದ್ದು ಸಂಜೆಯ ಹೊತ್ತಿಗೆ 48ರ ಆಸುಪಾಸಿಗೆ ಬರುವುದು ಆಗ ಸುದ್ದಿಯೇ ಆಗಿರಲಿಲ್ಲ. ಕಾಗದದ ಮೇಲೆ ಒಂದೂವರೆ, ಎರಡು ಏನು ಮಹಾ ಎನಿಸುತ್ತದೆ. ಗುಣಿಸಿ ನೋಡಿ. ಇಡೀ ದಿನ 48.5ರಲ್ಲಿ ನಡೆದರೆ ನೂರಕ್ಕೆ ಮೂರರಷ್ಟು ನಿಧಾನ. ದಿನಕ್ಕೆ 43 ನಿಮಿಷ, ವಾರಕ್ಕೆ ಐದು ಗಂಟೆ. ಇದರ ಮೇಲೆ ಲೋಡ್‌ಶೆಡ್ಡಿಂಗ್. ಕರೆಂಟ್ ಹೋದಷ್ಟು ಹೊತ್ತು ಮೋಟರ್ ಡಯಲ್ ನಿಂತಲ್ಲೇ ನಿಲ್ಲುತ್ತದೆ, ಬಂದ ಮೇಲೆ ಬಿಟ್ಟಲ್ಲಿಂದ ಹೊರಡುತ್ತದೆ. ದಿನಕ್ಕೆ ನಾಲ್ಕೇ ಗಂಟೆ ಕರೆಂಟ್ ಇಲ್ಲವೆಂದು ಹಿಡಿದರೂ ಎರಡೂ ಸೇರಿ ವಾರಕ್ಕೆ ಸುಮಾರು 32 ಗಂಟೆ ಹಿಂದೆ. ರವಿವಾರ ಸುಮ್ಮನಿರಬೇಕಾದ ಭೋಂಗಾ ಸೋಮವಾರ ಸುಮ್ಮನಿರುತ್ತದೆ. ಸಂಜೆ ಹತ್ತಬೇಕಾದ ದೀಪ ಒಂದು ದಿನ ನಡುರಾತ್ರಿಗೆ, ಇನ್ನೊಂದು ದಿನ ಮಟಮಟ ಮಧ್ಯಾಹ್ನಕ್ಕೆ. ಆಗ ಬೈಸಿಕೊಳ್ಳುವುದು ಯಾರು? ಡಬ್ಬಿ. ‘ಟೈಮರ್ ಕೆಟ್ಟೈತಿ, ಕಿತ್ತ ಒಗೀರಿ, ಡೈರೆಕ್ಟ್ ಕೊಡ್ರಿ.’ ಡೈರೆಕ್ಟ್ ಕೊಟ್ಟಾಯಿತು.

ಪರಿಹಾರ ಇತ್ತು. ಒಳ್ಳೆಯ ಟೈಮರುಗಳಲ್ಲಿ ಮೋಟರಿನ ಜೊತೆಗೊಂದು ಸ್ಪ್ರಿಂಗ್ ಇರುತ್ತಿತ್ತು. ಕರೆಂಟ್ ಇದ್ದಾಗ ಮೋಟರ್ ಅದಕ್ಕೆ ಕೀಲಿ ಕೊಡುತ್ತದೆ, ಹೋದಾಗ ಸ್ಪ್ರಿಂಗ್ ಗಡಿಯಾರವನ್ನು ನಡೆಸುತ್ತದೆ. ಆದರೆ ಸ್ಪ್ರಿಂಗಿನದಕ್ಕೆ ಬೆಲೆ ಜಾಸ್ತಿ. ಕಡಿಮೆ ದರದ ಟೆಂಡರಿನಲ್ಲಿ ಮೊದಲು ಉದುರುವುದು ಇಂಥ ಕಣ್ಣಿಗೆ ಕಾಣದ ಭಾಗವೇ. ಆಮೇಲೆ ಕ್ವಾರ್ಟ್ಸ್ ಬಂತು. ಪುಣೆಯ ಜಿಐಸಿ ಕಂಪನಿಯಂಥವರು ಹಳೆಯ ಹಲ್ಲಿನ ಡಯಲ್ ಹಾಗೇ ಇಟ್ಟು ಒಳಗೆ ಕ್ವಾರ್ಟ್ಸ್ ಹರಳು, ಪುಟ್ಟ ಬ್ಯಾಟರಿ ಕೂರಿಸಿದರು. ಅದಕ್ಕೆ ಜಾಲದ ತಾಳದ ಹಂಗಿಲ್ಲ. ಅಷ್ಟು ಹೊತ್ತಿಗೆ ಟೈಮರ್ ಎಂದರೆ ಕೈಕೊಡುವ ವಸ್ತು ಎಂಬ ಹೆಸರು ಹಳ್ಳಿಗಳಲ್ಲಿ ಗಟ್ಟಿಯಾಗಿತ್ತು.

ಇನ್ನೂ ತಮಾಷೆಯೆಂದರೆ, ಈ ತಾಳದ ಉಸ್ತುವಾರಿ ಎಲ್ಲೋ ದೂರದಲ್ಲಿ ಇರಲಿಲ್ಲ. ದಕ್ಷಿಣ ಜಾಲದ ಲೋಡ್ ಡಿಸ್ಪ್ಯಾಚ್ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲೇ. ಅಲ್ಲಿ ಕೂತವರು ರಾಜ್ಯಗಳಿಗೆ ಬೇಡಿಕೊಳ್ಳಬಹುದಿತ್ತು, ಗದರಬಹುದಿತ್ತು, ದಂಡ ಹಾಕುವಂತಿರಲಿಲ್ಲ. ಹೆಚ್ಚಿಗೆ ಎಳೆದುಕೊಂಡವರಿಗೂ ಅದೇ ದರ. 2003ರ ಜನವರಿ 1ರಿಂದ ದಕ್ಷಿಣದಲ್ಲಿ ಹೊಸ ದರಪದ್ಧತಿ ಬಂತು. ತಾಳ ಇಳಿದಾಗ ಪಾಲು ಮೀರಿ ಎಳೆದರೆ ಯೂನಿಟ್ಟಿಗೆ ದುಬಾರಿ ಬೆಲೆ, ಏರಿದಾಗ ಅಗ್ಗ. ಜೇಬಿಗೆ ಬಿಸಿ ತಟ್ಟಿದ್ದೇ ತಡ, ವರ್ಷಗಟ್ಟಲೆ ಸಭೆಗಳಿಂದ ಆಗದ್ದು ಬಲುಬೇಗ ಆಯಿತು. ಅದೇ ವರ್ಷ ಒಡಿಶಾದ ತಾಲ್ಚೇರಿನಿಂದ ಕೋಲಾರಕ್ಕೆ 2000 ಮೆಗಾವಾಟ್ ತರುವ ತಂತಿಯೂ ಬಂತು. ಅದು ಡೈರೆಕ್ಟ್ ಕರೆಂಟಿನ ತಂತಿ. ಅದರಲ್ಲಿ ಶಕ್ತಿ ಬರುತ್ತದೆ, ತಾಳ ಬರುವುದಿಲ್ಲ. ಹಾಗಾಗಿ ದಕ್ಷಿಣದ ಹೊತ್ತು ದಕ್ಷಿಣದ್ದೇ ಆಗಿ ಉಳಿಯಿತು. 2012ರ ಜುಲೈ ಕೊನೆಯಲ್ಲಿ ಉತ್ತರ, ಪೂರ್ವ ಭಾರತವೆಲ್ಲ ಕತ್ತಲಲ್ಲಿ ಮುಳುಗಿದಾಗ ನಾವು ದೀಪದಡಿ ಕೂತು ಆ ಸುದ್ದಿ ಓದಿದ್ದು ಈ ಪ್ರತ್ಯೇಕತೆಯ ಕೃಪೆಯಿಂದಲೇ. ಮುಂದಿನ ವರ್ಷದ ಕೊನೆಯ ದಿನ ರಾಯಚೂರಿನ ತಂತಿ ಅದನ್ನು ಮುಗಿಸಿತು.

ಇಷ್ಟೆಲ್ಲ ನಡೆಯುವಾಗ ಅಕ್ಕಿಆಲೂರು ಸೀಮೆಯ ರೈತ ತಾಳ ಸರಿಹೋಗಲೆಂದು ಕಾಯುತ್ತ ಕೂತಿರಲಿಲ್ಲ.

ಇದು ಅರೆಮಲೆನಾಡು. ಭತ್ತ, ಗೋವಿನಜೋಳ, ಹತ್ತಿ, ಮಾವು, ಈಚೆಗೆ ಎಲ್ಲಿ ನೋಡಿದರೂ ಅಡಿಕೆ. ಒಂದು ಕಾಲಕ್ಕೆ ಕೆರೆಯ ನೀರಿನ ಹೊತ್ತು ನೋಡಿಕೊಳ್ಳುತ್ತಿದ್ದವನು ನೀರಗಂಟಿ. ಯಾರ ಗದ್ದೆಗೆ ಯಾವ ದಿನ ಎಂಬುದು ಅವನ ತಲೆಯಲ್ಲಿರುತ್ತಿತ್ತು. ಕಾಲುವೆ ಬಂದ ಕಡೆ ವಾರಾಬಂದಿ ಬಂತು. ವಾರದ ಅದೇ 168 ಗಂಟೆಯನ್ನು ಎಕರೆ ಲೆಕ್ಕದಲ್ಲಿ ಹಂಚಿ, ಇಂಥ ದಿನ ಇಷ್ಟು ಗಂಟೆಗೆ ತೂಬು ನಿನ್ನದು ಎಂದು ಬರೆದುಕೊಡುವ ಪದ್ಧತಿ. ವಾರದ ಟೈಮರ್ ಮಾಡುವುದೂ ಇದನ್ನೇ, ಹಲ್ಲುಗಳ ಬದಲು ಇಲ್ಲಿ ಮನುಷ್ಯರಿದ್ದರು. ಜಗಳ ಇತ್ತು, ರಾತ್ರಿ ತೂಬು ಕದಿಯುವುದಿತ್ತು, ಒಡ್ಡಿನ ಮೇಲೆ ಕೈಕೈ ಮಿಲಾಯಿಸುವುದಿತ್ತು. ಆದರೂ ಯಾರ ಪಾಳಿ ಎಂಬುದು ಊರಿಗೆಲ್ಲ ಗೊತ್ತಿರುತ್ತಿತ್ತು.

ಬೋರು ಬಂದ ಮೇಲೆ ಪಾಳಿ ಊರಿನ ಕೈಬಿಟ್ಟು ಉಪಕೇಂದ್ರದ ಕೈಸೇರಿತು. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಬಿಲ್ಲಿಲ್ಲ, ಆದರೆ ಥ್ರೀಫೇಸ್ ಇಪ್ಪತ್ತನಾಲ್ಕು ತಾಸೂ ಇಲ್ಲ. ಇಷ್ಟು ತಾಸು ಹಗಲು, ಇಷ್ಟು ತಾಸು ರಾತ್ರಿ. ಈ ವಾರ ಒಂದು ಫೀಡರಿಗೆ ಹಗಲು ಪಾಳಿ, ಬರುವ ವಾರ ಇನ್ನೊಂದಕ್ಕೆ. ವೇಳಾಪಟ್ಟಿಯನ್ನು ವಿದ್ಯುತ್ ಕಂಪನಿ ಹೆಸ್ಕಾಂ ಹಾಕುತ್ತದೆ, ಅದನ್ನು ನಂಬಿ ರಾತ್ರಿ ಎರಡಕ್ಕೆ ಬ್ಯಾಟರಿ ಹಿಡಿದು ಹೊಲಕ್ಕೆ ಹೋದವನು ಹಾವು, ಹಂದಿಗೆ ಹೆದರುತ್ತ ಕಟ್ಟೆಯ ಮೇಲೆ ಕೂತಿರುತ್ತಾನೆ. ಕರೆಂಟ್ ಮೂರೂವರೆಗೆ ಬರುತ್ತದೆ, ಇಲ್ಲವೆ ಬರುವುದಿಲ್ಲ.

ಇಂಥಲ್ಲಿ ಗಡಿಯಾರದ ಹೊತ್ತಿಗೆ ಮೋಟರ್ ಚಾಲೂ ಮಾಡುವ ಟೈಮರ್ ಯಾರಿಗೆ ಬೇಕು? ರೈತ ಹಾಕಿಸಿದ್ದು ಆಟೊ ಸ್ಟಾರ್ಟರ್. ಅದು ಗಂಟೆ ಎಷ್ಟಾಯಿತೆಂದು ಕೇಳುವುದಿಲ್ಲ, ವಾರ ಯಾವುದೆಂದು ಕೇಳುವುದಿಲ್ಲ. ಮೂರೂ ಫೇಸ್ ಬಂದವೋ, ಎರಡು ಘಳಿಗೆ ನೋಡಿ ಮೋಟರ್ ಎಬ್ಬಿಸುತ್ತದೆ. ರೈತ ಮನೆಯಲ್ಲಿ ಮಲಗಿರುತ್ತಾನೆ, ನೀರು ಹರಿಯುತ್ತಿರುತ್ತದೆ, ಕೆಲವೊಮ್ಮೆ ಗದ್ದೆ ತುಂಬಿ ಪಕ್ಕದವನ ಹೊಲಕ್ಕೂ. ಕೆಇಬಿಯವರಿಗೆ (ಹೆಸ್ಕಾಂ ಆಗಿ ಎರಡು ದಶಕ ದಾಟಿದರೂ ಜನರ ಬಾಯಲ್ಲಿ ಅವರು ಕೆಇಬಿಯವರೇ) ಇದನ್ನು ಕಂಡರೆ ಆಗದು. ಥ್ರೀಫೇಸ್ ಬಿಟ್ಟ ಕ್ಷಣ ಫೀಡರಿನ ಮೋಟರೆಲ್ಲ ಒಟ್ಟಿಗೆ ಎದ್ದು ಎಳೆದರೆ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಸುಡುತ್ತದೆ. ಟಿಸಿ ಸುಟ್ಟರೆ ಬದಲಿ ಬರುವವರೆಗೆ ಬೆಳೆ ಒಣಗುತ್ತದೆ. ಕೆಇಬಿಯವರ ಸಿಟ್ಟು ಸರಿಯೇ. ಆದರೆ ಬರುವ ಹೊತ್ತು ಹೇಳಿದ ಹೊತ್ತೇ ಆಗಿದ್ದರೆ, ಅಕ್ಕಪಕ್ಕದ ಬೋರಿನವರು ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ಹಲ್ಲು ತಳ್ಳಿಟ್ಟುಕೊಳ್ಳಬಹುದಾದ ಒಂದು ಸಾದಾ ದಿನದ ಡಯಲ್ ಈ ಜಗಳವನ್ನೇ ಮುಗಿಸುತ್ತಿತ್ತಲ್ಲ ಎಂಬ ಸಂಕಟ ನನಗೆ ಹೋಗುವುದಿಲ್ಲ.

ಈಗ ಜಾಲದ ತಾಳ 50ರ ಆಚೀಚೆ ಕೂದಲೆಳೆಯಷ್ಟೇ ಅಲುಗುತ್ತದೆ. ಹಳೆಯ ಸಿಂಕ್ರೊನಸ್ ಟೈಮರನ್ನು ಇವತ್ತು ಗೋಡೆಗೆ ಹಾಕಿದರೆ, ಕರೆಂಟ್ ಹೋಗದಿದ್ದರೆ, ಹೆಚ್ಚುಕಮ್ಮಿ ಸರಿಯಾಗಿಯೇ ನಡೆದೀತು. ಹಾಕುವವರಿಲ್ಲ. ಊರಿನ ಅಕ್ಷಾಂಶ, ರೇಖಾಂಶ ತುಂಬಿದರೆ ವರ್ಷದ ಸೂರ್ಯಾಸ್ತವನ್ನೆಲ್ಲ ತಾನೇ ಲೆಕ್ಕ ಹಾಕುವ ಡಿಜಿಟಲ್ ಟೈಮರ್ ಬಂದಿದೆ. ಹಾರ್ಸ್ಟ್‌ಮನ್ನರ ಓರೆಗಾಲಿ ಈಗ ಒಂದು ಚಿಪ್ಪು. ಹಗಲಿನಲ್ಲೇ ಪಂಪ್‌ಸೆಟ್ಟಿಗೆ ಕರೆಂಟ್ ಕೊಡಲು ಕುಸುಮ್ ಯೋಜನೆಯಡಿ ಉಪಕೇಂದ್ರಗಳ ಬಳಿ ಸೌರ ಘಟಕಗಳು ಏಳುತ್ತಿವೆ. ಅವು ಹೇಳಿದಂತೆ ನಡೆದರೆ ರಾತ್ರಿ ಪಾಳಿಯ ವಾರವೂ ಮುಗಿದೀತು.

ಬೀದಿದೀಪದ ಗತಿ ಮಾತ್ರ ಬೇರೆ. ಎಷ್ಟೋ ಗ್ರಾಮ ಪಂಚಾಯ್ತಿಗಳಲ್ಲಿ ದೀಪಕ್ಕೆಂದು ಪ್ರತ್ಯೇಕ ತಂತಿಯನ್ನೇ ಎಳೆದಿಲ್ಲ. ದೀಪ ಮನೆಗಳ ಫೇಸಿಗೇ ಸಿಕ್ಕಿಕೊಂಡಿದೆ. ತಂತಿಯಿಲ್ಲದ ಕಡೆ ಸ್ವಿಚ್ ಎಲ್ಲಿ ಹಾಕುವುದು, ಟೈಮರ್ ಎಲ್ಲಿ ಕೂರಿಸುವುದು? ಎಲ್‌ಇಡಿ ಬಂದ ಮೇಲೆ ಬಿಲ್ಲು ಕಮ್ಮಿಯಾಗಿದೆ ಎಂಬ ಸಮಾಧಾನದಲ್ಲಿ ಅದನ್ನು ಕೇಳುವವರೂ ಕಮ್ಮಿಯಾಗಿದ್ದಾರೆ. ಬಿಲ್ಲು ಪಂಚಾಯ್ತಿಯ ಹೆಸರಿಗೆ ಬರುತ್ತದೆ, ತಂತಿ ಎಳೆಯಬೇಕಾದವರು ಎಸ್ಟಿಮೇಟ್ ಕೊಡಿ ಎನ್ನುತ್ತಾರೆ, ಎಸ್ಟಿಮೇಟ್ ಮುಂದಿನ ಸಾಲಿನ ಕ್ರಿಯಾಯೋಜನೆಗೆ ಹೋಗುತ್ತದೆ.