ಕಿಬ್ಬೊಟ್ಟೆಯ ನೋವಿಗೆ ವಿದ್ಯುತ್ತಿನ ಉಪಶಮನ

ಕಾಶಿಯ ದಕ್ಷಿಣ ಭಾಗದಲ್ಲಿ, ಹಿಂದೂ ವಿಶ್ವವಿದ್ಯಾಲಯದ ಸಿಂಹದ್ವಾರಕ್ಕೆ ಎದುರಾಗಿರುವ ಬಡಾವಣೆಯೇ ಲಂಕಾ. 1916ರಲ್ಲಿ ಸ್ಥಾಪಿತವಾದ ಈ ವಿದ್ಯಾಲಯಕ್ಕೆ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರೇ ಪ್ರಥಮ ಕುಲಾಧಿಪತಿಗಳಾಗಿದ್ದರೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ದ್ವಾರದ ಒಳಗೆ ಸರ್ ಸುಂದರಲಾಲ್ ಆಸ್ಪತ್ರೆ; ಹೊರಗೆ ಸಾಲುಸಾಲಾಗಿ ಔಷಧದ ಅಂಗಡಿಗಳು. ಪ್ರತಿ ತಿಂಗಳೂ ಅಂಗಡಿಯಿಂದ ನೋವಿನ ಗುಳಿಗೆ ತರಿಸಿಕೊಂಡು, ಮೂರು ದಿನ ನುಂಗಿ, ಯಾರಿಗೂ ಹೇಳದೆ ಮತ್ತೆ ಕೆಲಸಕ್ಕೆ ತೊಡಗುವ ಸ್ತ್ರೀಯರು ಇಲ್ಲಿಯೂ ಇದ್ದಾರೆ, ಎಲ್ಲ ಊರುಗಳಲ್ಲಿಯೂ ಇದ್ದಾರೆ.

ಅವರಲ್ಲಿ ಕೆಲವರ ನೋವು ಸಾಮಾನ್ಯವಾದ ಮುಟ್ಟಿನ ನೋವಲ್ಲ. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶವು ಅಂಡಾಶಯದ ಮೇಲೆ, ಗರ್ಭಕೋಶದ ಹಿಂಬದಿಯಲ್ಲಿ, ಕೆಲವೊಮ್ಮೆ ಕರುಳಿನ ಮೇಲೂ ಬೆಳೆದು ಉರಿಯೂತವನ್ನುಂಟುಮಾಡುತ್ತದೆ. ಇದೇ ಎಂಡೊಮೆಟ್ರಿಯೋಸಿಸ್. ಸಂತಾನಯೋಗ್ಯ ವಯಸ್ಸಿನ ಸ್ತ್ರೀಯರಲ್ಲಿ ಶೇಕಡಾ 10ರಷ್ಟು ಮಂದಿಗೆ ಇದು ಇರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ರೋಗ ಪತ್ತೆಯಾಗುವುದಕ್ಕೆ ಅನೇಕ ವರ್ಷಗಳೇ ಹಿಡಿಯುತ್ತವೆ. “ಹೆಣ್ಣಾದ ಮೇಲೆ ಇದ್ದದ್ದೇ” ಎಂಬ ಹಿರಿಯರ ಸಮಾಧಾನದ ಮಾತೂ ಈ ವಿಳಂಬಕ್ಕೆ ಒಂದು ಕಾರಣ.

ಇಂಥ ನೋವನ್ನು ಔಷಧವಿಲ್ಲದೆ ತಗ್ಗಿಸಲು ‘ಟೆನ್ಸ್’ ಎಂಬ ಪುಟ್ಟ ಯಂತ್ರವೊಂದು ಬಳಕೆಯಲ್ಲಿದೆ. ವಿದ್ಯುತ್ತಿನಿಂದ ನೋವು ಶಮನಗೊಳಿಸುವ ಯತ್ನ ಹೊಸದಲ್ಲ. ಮೊದಲನೆಯ ಶತಮಾನದ ರೋಮನ್ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್ ತಲೆನೋವಿಗೆ ವಿದ್ಯುತ್ ಮೀನನ್ನು ಪ್ರಯೋಗಿಸಲು ಹೇಳಿದ್ದನು! ಆದರೆ ಅದಕ್ಕೆ ಶಾಸ್ತ್ರೀಯ ಆಧಾರ ದೊರೆತುದು 1965ರಲ್ಲಿ, ಮೆಲ್ಜ್ಯಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ಮಂಡಿಸಿದ ‘ದ್ವಾರ ಸಿದ್ಧಾಂತ’ದಿಂದ. ಬೆರಳು ಬಾಗಿಲ ಸಂದಿಗೆ ಸಿಕ್ಕಾಗ ನಾವು ಅರಿಯದೆಯೇ ಅದನ್ನು ಉಜ್ಜಿಕೊಳ್ಳುತ್ತೇವಷ್ಟೆ. ಸ್ಪರ್ಶದ ಸುದ್ದಿಯನ್ನು ಒಯ್ಯುವ ದಪ್ಪ ನರತಂತುಗಳು ಚುರುಕಾದಾಗ, ಸಣ್ಣ ತಂತುಗಳ ಮೂಲಕ ಬರುವ ನೋವಿನ ಸುದ್ದಿಗೆ ಬೆನ್ನುಹುರಿಯಲ್ಲಿ ಬಾಗಿಲು ಅರೆಮುಚ್ಚುತ್ತದೆ. ಟೆನ್ಸ್ ಮಾಡುವುದೂ ಇದನ್ನೇ. ಬ್ಯಾಟರಿಯಿಂದ ನಡೆಯುವ ಯಂತ್ರದ ಅಂಟುಪಟ್ಟಿಗಳನ್ನು ಕಿಬ್ಬೊಟ್ಟೆಗೋ ಸೊಂಟದ ಕೆಳಭಾಗಕ್ಕೋ ಅಂಟಿಸಿದರೆ, ಸೆಕೆಂಡಿಗೆ ಸುಮಾರು 80ರಿಂದ 100 ಸ್ಪಂದನಗಳ ಮಂದ ವಿದ್ಯುತ್ತು ಚರ್ಮದಲ್ಲಿ ಜುಮುಜುಮು ಎನಿಸುತ್ತದೆ. ಸೆಕೆಂಡಿಗೆ ಕೆಲವೇ ಸ್ಪಂದನಗಳ ನಿಧಾನ ಕ್ರಮವು ದೇಹದಲ್ಲೇ ಹುಟ್ಟುವ ಎಂಡಾರ್ಫಿನ್‌ನಂಥ ನೋವುನಿವಾರಕಗಳನ್ನು ಪ್ರಚೋದಿಸುತ್ತದೆ. ಜುಮುಜುಮು ಸ್ಪಷ್ಟವಾಗಿರಬೇಕು, ಆದರೆ ನೋಯಿಸಬಾರದು.

ಫಲವೆಷ್ಟು? ಸಾಮಾನ್ಯ ಮುಟ್ಟಿನ ನೋವಿಗೆ ವೇಗದ ಸ್ಪಂದನಗಳು ಉಪಕಾರಿಯೆಂದು ಹಲವು ಪರೀಕ್ಷೆಗಳು ತೋರಿಸಿವೆ. ಎಂಡೊಮೆಟ್ರಿಯೋಸಿಸ್ ವಿಷಯದಲ್ಲಿ ಸಾಕ್ಷ್ಯ ಇನ್ನೂ ಅಲ್ಪ. ಬ್ರೆಜಿಲಿನಲ್ಲಿ ಹಾರ್ಮೋನು ಚಿಕಿತ್ಸೆಯಿಂದಲೂ ನೋವು ಹೋಗದಿದ್ದ 22 ಸ್ತ್ರೀಯರು 8 ವಾರ ಟೆನ್ಸ್ ಬಳಸಿ ಉಪಶಮನ ಪಡೆದರೆಂದು 2015ರಲ್ಲಿ ವರದಿಯಾಯಿತು. ಇಷ್ಟು ಚಿಕ್ಕ ಪ್ರಯೋಗದಿಂದ ನಿರ್ಣಯಕ್ಕೆ ಬರಲಾಗದು. 2022ರ ಯೂರೋಪಿನ ಮಾರ್ಗಸೂಚಿಯೂ ಇದನ್ನು ನಿರ್ದಿಷ್ಟವಾಗಿ ಶಿಫಾರಸು ಮಾಡಿಲ್ಲ. ಆದರೂ ಗುಳಿಗೆಯಿಂದ ಹೊಟ್ಟೆಯುರಿ ಬರುವವರಿಗೆ ಇದೊಂದು ನಿರುಪದ್ರವಿಯಾದ ಜೊತೆಗಾರ ಎನ್ನಲು ಅಡ್ಡಿಯಿಲ್ಲ.

ಆದರೆ ಯಂತ್ರವು ತಡೆಯುವುದು ನೋವಿನ ಸುದ್ದಿಯನ್ನು ಮಾತ್ರ. ಒಳಗಿನ ಬೆಳವಣಿಗೆ ಕರಗುವುದಿಲ್ಲ, ಅಂಡಾಶಯದ ಗಂಟು ಇಳಿಯುವುದಿಲ್ಲ, ಬಂಜೆತನದ ಸಾಧ್ಯತೆ ದೂರವಾಗುವುದಿಲ್ಲ. ರೋಗವೇನೆಂದು ತಿಳಿಯುವ ಮೊದಲೇ ಅಂಗಡಿಯಿಂದ ಯಂತ್ರ ತಂದು ಕಟ್ಟಿಕೊಳ್ಳುವುದು ಅಪಾಯಕರವಾಗುವುದು ಇದರಿಂದಲೇ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಇದನ್ನು ಬಳಸಕೂಡದು. ಗರ್ಭಿಣಿಯರು, ಗರ್ಭ ನಿಂತಿರಬಹುದೆಂಬ ಸಂಶಯವಿರುವವರು ಹೊಟ್ಟೆಗೆ ಹಚ್ಚಕೂಡದು. ಕತ್ತಿನ ಮುಂಭಾಗ, ಗಾಯದ ಚರ್ಮ, ಸ್ಪರ್ಶಜ್ಞಾನವಿಲ್ಲದ ಜಾಗಗಳೂ ವರ್ಜ್ಯ. ಸ್ನಾನದಲ್ಲಿ, ನಿದ್ರೆಯಲ್ಲಿ, ವಾಹನ ನಡೆಸುವಾಗ ತೆಗೆದಿಡಬೇಕು.

ಪರಸ್ಥಳದಲ್ಲಿರುವ ಕನ್ನಡತಿಗೆ ಮತ್ತೊಂದು ತೊಡಕುಂಟು: ಇಂಥ ನೋವನ್ನು ಹಿಂದಿಯಲ್ಲಿ ಹೇಳುವುದು ಹೇಗೆ? ಪತಿಯೋ ಮೈದುನನೋ ದುಭಾಷಿಯಾಗಿ ನಿಂತರೆ ಅರ್ಧ ಸಂಗತಿ ಬಾಯಲ್ಲೇ ಉಳಿಯುತ್ತದೆ. ದಾಂಪತ್ಯ ಸಮಾಗಮದಲ್ಲಿ ನೋವು, ಮಲವಿಸರ್ಜನೆಯಲ್ಲಿ ನೋವು ಇವುಗಳೇ ವೈದ್ಯರಿಗೆ ಮುಖ್ಯ ಸುಳಿವುಗಳು. ಆದುದರಿಂದ ಎರಡು ಮೂರು ತಿಂಗಳು ನೋವಿನ ದಿನ, ಜಾಗ, ತೀವ್ರತೆ, ನುಂಗಿದ ಗುಳಿಗೆ ಇಷ್ಟನ್ನೂ ಕನ್ನಡದಲ್ಲೇ ಬರೆದಿಟ್ಟು, ಎರಡೂ ಭಾಷೆ ಬಲ್ಲ ಗೆಳತಿಯೊಬ್ಬಳನ್ನು ಕರೆದುಕೊಂಡು ಸ್ತ್ರೀರೋಗ ವಿಭಾಗಕ್ಕೆ ಹೋಗುವುದು ಲೇಸು. ರೋಗ ಗೊತ್ತಾದ ಬಳಿಕ, ಟೆನ್ಸ್ ತನಗೆ ಸಲ್ಲುವುದೇ ಎಂದು ಆ ವೈದ್ಯರನ್ನೇ ಕೇಳಬಹುದು. ಪಟ್ಟಿ ಎಲ್ಲಿ ಅಂಟಿಸಬೇಕು, ಎಷ್ಟು ಹೊತ್ತು ಇಡಬೇಕು ಎಂಬುದನ್ನು ಫಿಜಿಯೋಥೆರಪಿ ವಿಭಾಗದವರು ಒಮ್ಮೆ ಕೈಹಿಡಿದು ತೋರಿಸಿದರೆ ಮುಂದೆ ಮನೆಯಲ್ಲೇ ಮಾಡಿಕೊಳ್ಳಬಹುದು.